ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್‌ಗೆ ಪಿಕಪ್ ಇಲ್ಲವೇ? ಕಂಟ್ರೋಲರ್‌ಗೆ ಕೈ ಹಾಕುವ ಮೊದಲು ಇಷ್ಟು ನೋಡಿ

"ಅಣ್ಣಾ, ಗಾಡಿಗೆ ಪಿಕಪ್ಪೇ ಇಲ್ಲ." ನನಗೆ ಬರುವ ಫೋನ್ ತುಂಬಾ ಸಲ ಶುರುವಾಗುವುದೇ ಹೀಗೆ. ನೆಲಮಂಗಲ, ದಾಬಸ್‌ಪೇಟೆ ಕಡೆಯ ಗೋಡೌನ್‌ಗಳಲ್ಲಿ ನಾನು ಎಲೆಕ್ಟ್ರಿಕ್ ಗಾಡಿಗಳ ರಿಪೇರಿ ಮಾಡುತ್ತೇನೆ. ಎರಡನೇ ಮಾತು ಇನ್ನೂ ಬೇಗ ಬರುತ್ತದೆ: "ಕಂಟ್ರೋಲರ್ ಹೋಗಿರಬೇಕು, ಅಲ್ವಾ?" ಸಾಮಾನ್ಯವಾಗಿ ಅಲ್ಲ. ಬ್ಯಾಟರಿಯಿಂದ ಮೋಟಾರ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿರ್ಧರಿಸುವ ಈ ಕಂಟ್ರೋಲರ್ ಗಾಡಿಯ ತುಂಬಾ ದುಬಾರಿ ಸಾಮಾನುಗಳಲ್ಲಿ ಒಂದು, ಅದನ್ನೇ ಮೊದಲು ಬದಲಿಸಿ, ಆಮೇಲೂ ಗಾಡಿ ಹಾಗೇ ತೆವಳುವುದನ್ನು ನೋಡಿ ಹೊಟ್ಟೆ ಉರಿದುಕೊಂಡವರನ್ನು ನಾನು ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ತಲೆಯಲ್ಲಿರಲಿ. ಡೀಸೆಲ್ ಗಾಡಿ ಶಕ್ತಿ ಸಾಲದೆ ನಿಧಾನವಾಗುತ್ತದೆ. ಎಲೆಕ್ಟ್ರಿಕ್ ಗಾಡಿ ಬಹಳಷ್ಟು ಸಲ ತಾನಾಗಿಯೇ ನಿಧಾನ ಮಾಡಿಕೊಳ್ಳುತ್ತದೆ. ಬ್ಯಾಟರಿ ಇಳಿಯಿತು, ಮೋಟಾರ್ ಕಾದಿತು, ಫೋರ್ಕ್ (ಲೋಡ್ ಎತ್ತುವ ಮುಂದಿನ ಎರಡು ಕಬ್ಬಿಣದ ಕೈ) ಮೇಲಿದೆ, ಯಾವುದೋ ಸೆನ್ಸರ್ ಹೇಳುವುದು ನಂಬುವ ಹಾಗಿಲ್ಲ, ಹೀಗೆ ಏನಾದರೂ ಒಂದು ಕಂಡರೆ ಕಂಟ್ರೋಲರ್ ವೇಗ ಇಳಿಸಿ ಗಾಡಿಯನ್ನೂ ಅದರ ಮೇಲೆ ಕೂತವರನ್ನೂ ಕಾಪಾಡುತ್ತದೆ. ಹಾಗಾಗಿ "ಏನು ಕೆಟ್ಟಿದೆ" ಅನ್ನುವುದಕ್ಕಿಂತ "ಏನನ್ನು ನೋಡಿ ತಡೆ ಹಿಡಿದಿದೆ" ಅಂತ ಹುಡುಕಿದರೆ ದಾರಿ ಬೇಗ ಸಿಗುತ್ತದೆ. ಇನ್ನೊಂದು ಬಗೆಯೂ ಇದೆ: ಕಂಟ್ರೋಲರ್ ಪೂರ್ತಿ ಶಕ್ತಿ ಕೊಡುತ್ತಿದೆ, ಆದರೆ ಬ್ರೇಕೋ ಬೇರಿಂಗೋ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿದೆ.

ಇಲ್ಲಿ ಕೊಟ್ಟಿರುವ ಅಂಕಿಗಳು 48 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯ ಗಾಡಿಗೆ. 24 ವೋಲ್ಟ್, 80 ವೋಲ್ಟ್ ಆದರೆ ಸೆಲ್ (ಬ್ಯಾಟರಿಯೊಳಗಿನ ಎರಡು ವೋಲ್ಟಿನ ಒಂದೊಂದು ಘಟಕ) ಲೆಕ್ಕದಲ್ಲಿ ಹೊಂದಿಸಿಕೊಳ್ಳಿ.

ಕೈ ಹಾಕುವ ಮುಂಚೆ

ಉಂಗುರ, ಕಡಗ, ವಾಚ್, ಕತ್ತಿನ ಸರ ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಧೈರ್ಯ ಬೇಡ. ಸ್ಪ್ಯಾನರ್ ಜಾರಿ ಎರಡು ಸೆಲ್‌ಗಳ ಮೇಲೆ ಅಡ್ಡ ಬಿದ್ದರೆ ಕಬ್ಬಿಣ ಕರಗುವಷ್ಟು ಕರೆಂಟ್ ಹರಿಯುತ್ತದೆ, ಬೆರಳಿನ ಉಂಗುರಕ್ಕೂ ಅದೇ ಗತಿ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಆದ್ದರಿಂದ ಬ್ಯಾಟರಿ ಇರುವ ಖಾನೆಯ ಮೇಲಿನ ದೊಡ್ಡ ಮುಚ್ಚಳ ತೆರೆದಿಟ್ಟು ಚಾರ್ಜ್ ಮಾಡಿ, ಹತ್ತಿರ ಬೀಡಿ, ಸಿಗರೇಟ್, ಗ್ರೈಂಡಿಂಗ್ ಯಾವುದೂ ಬೇಡ. ಸೆಲ್ ನೋಡುವಾಗ ಕನ್ನಡಕ, ರಬ್ಬರ್ ಗ್ಲೌಸ್ ಇರಲೇಬೇಕು. ಕಣ್ಣಿಗೆ ಆಸಿಡ್ ಸಿಡಿದರೆ ಕೂಡಲೇ 15 ನಿಮಿಷಕ್ಕೆ ಕಮ್ಮಿ ಇಲ್ಲದಂತೆ ನೀರು ಬಿಟ್ಟುಕೊಂಡು ನೇರ ಆಸ್ಪತ್ರೆಗೆ. ನೆಲಕ್ಕೆ ಬಿದ್ದದ್ದಕ್ಕೆ ಅಡುಗೆ ಸೋಡಾ ಹಾಕಿ ತೊಳೆಯಿರಿ.

ಏನೇ ಬಿಚ್ಚುವುದಿದ್ದರೂ ಮೊದಲು ಸಮತಟ್ಟು ಜಾಗದಲ್ಲಿ ಫೋರ್ಕ್ ನೆಲಕ್ಕಿಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಬ್ಯಾಟರಿ ಪ್ಲಗ್ ಎಳೆಯಿರಿ. ಪ್ಲಗ್ ಎಳೆದ ಮೇಲೂ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಎತ್ತಿದ ಫೋರ್ಕ್ ಕೆಳಗೆ ಯಾರೂ ತಲೆ ಹಾಕಬಾರದು, ಒಂದೇ ಒಂದು ನಿಮಿಷ ಅಂತಲೂ ಬೇಡ.

ಮೊದಲು ಕೂತು ಓಡಿಸುವವರನ್ನು ಕೇಳಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಹೆಚ್ಚಿನವರು ಬಿಡುವುದು ಇದನ್ನೇ. ಯಾವಾಗಿಂದ ನಿಧಾನ? ಬೆಳಿಗ್ಗೆಯಿಂದಲೋ ಮಧ್ಯಾಹ್ನದಿಂದಲೋ? ಖಾಲಿ ಇದ್ದಾಗಲೂ ಹೀಗೆಯೋ, ಲೋಡ್ ಇದ್ದಾಗ ಮಾತ್ರವೋ? ಮುಂದಕ್ಕೂ ಹಿಂದಕ್ಕೂ ಒಂದೇ ತರವೋ? ಹಿಂದಿನ ದಿನ ಗಾಡಿ ತೊಳೆದಿದ್ದಾರೆಯೇ? ಬ್ಯಾಟರಿ ಬದಲಾಯಿಸಿದ್ದಾರೆಯೇ? ಎಲ್ಲಾದರೂ ಗುದ್ದಿತ್ತೇ? ಬೈಗುಳದ ಭಯ ಇಲ್ಲದಿದ್ದರೆ ಆಪರೇಟರ್ ನಿಜ ಹೇಳುತ್ತಾರೆ. ನಾನು ಟೀ ಕುಡಿಯುತ್ತಾ ಕೇಳುತ್ತೇನೆ, ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದಾಗ ಕೇಳುವುದಿಲ್ಲ.

ಆಮೇಲೆ ನಿಜವಾಗಿಯೂ ನಿಧಾನವೇ ಅಂತ ಅಳೆಯಿರಿ. ಜನ ಇಲ್ಲದ ನೇರ ದಾರಿಯಲ್ಲಿ ಸೀಮೆಸುಣ್ಣದಿಂದ 20 ಮೀಟರ್ ದೂರಕ್ಕೆ ಎರಡು ಗೆರೆ ಎಳೆಯಿರಿ. ಮೊದಲ ಗೆರೆಗಿಂತ ಮುಂಚೆಯೇ ಗಾಡಿ ಪೂರ್ತಿ ವೇಗಕ್ಕೆ ಬಂದಿರಬೇಕು. ಪಕ್ಕದಲ್ಲಿ ನಿಂತವರು ಫೋನಿನಲ್ಲಿ ಟೈಮ್ ನೋಡಲಿ. 5 ಸೆಕೆಂಡ್ ಆದರೆ ಗಂಟೆಗೆ 14.4 ಕಿಲೋಮೀಟರ್. 10 ಸೆಕೆಂಡ್ ಆದರೆ 7.2. ಅದೇ ಮಾಡೆಲ್‌ನ ಇನ್ನೊಂದು ಗಾಡಿ ಇದ್ದರೆ ಅದನ್ನೂ ಓಡಿಸಿ ನೋಡಿ. ಎರಡರ ನಡುವಿನ ವ್ಯತ್ಯಾಸ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ಇನ್ನೊಂದು ಪರೀಕ್ಷೆ ತುಂಬಾ ಕೆಲಸಕ್ಕೆ ಬರುತ್ತದೆ: ಫೋರ್ಕ್ ಎತ್ತಿ ನೋಡಿ. ಓಡುವುದೂ ನಿಧಾನ, ಎತ್ತುವುದೂ ನಿಧಾನ ಆದರೆ ಬ್ಯಾಟರಿ, ಪ್ಲಗ್, ಕೇಬಲ್ ಕಡೆ ಹೋಗಿ. ಎತ್ತುವುದು ಮೊದಲಿನಷ್ಟೇ ಜೋರಾಗಿದ್ದು ಓಡುವುದು ಮಾತ್ರ ನಿಧಾನ ಆದರೆ ಬ್ಯಾಟರಿಯನ್ನು ಸದ್ಯಕ್ಕೆ ಬಿಡಿ, ಸ್ವಿಚ್, ಪೆಡಲ್, ಬ್ರೇಕ್, ಡ್ರೈವ್ ಮೋಟಾರ್ ಕಡೆ ನೋಡಿ.

ಬೆಳಿಗ್ಗೆ ಕೀ ತಿರುಗಿಸಿದಾಗಿಂದಲೇ ನಿಧಾನ

ಡಿಸ್‌ಪ್ಲೇಯಲ್ಲಿ ಆಮೆಯ ಚಿತ್ರ ಇದೆಯೇ ನೋಡಿ. ಇದ್ದರೆ ಯಾರೋ ನಿಧಾನದ ಮೋಡ್ ಒತ್ತಿದ್ದಾರೆ, ಇಲ್ಲವೇ ಗಾಡಿಯೇ ಆ ಮೋಡ್‌ಗೆ ಹೋಗಿದೆ. ಬಟನ್ ಒಮ್ಮೆ ಒತ್ತಿ ನೋಡಿ. ಕೆಲವು ಗಾಡಿಗಳಲ್ಲಿ ಪಿನ್ ನಂಬರ್ ಪ್ರಕಾರ ವೇಗ ಇರುತ್ತದೆ. ಹೊಸಬರ ಪಿನ್ ಹಾಕಿದರೆ ಅನುಭವಿಗಳಿಗೂ ಅದೇ ಕಡಿಮೆ ವೇಗ ಸಿಗುತ್ತದೆ. ಶಿಫ್ಟ್ ಬದಲಾದಾಗ ಹಿಂದಿನವರು ಲಾಗೌಟ್ ಮಾಡದೆ ಹೋದರೂ ಹೀಗೆಯೇ.

ಅದು ಸರಿ ಇದ್ದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿದೆಯೇ, ಅದರ ಸ್ವಿಚ್ ಪೂರ್ತಿ ಹಿಂದಕ್ಕೆ ಬಂದಿದೆಯೇ ನೋಡಿ. ಲಿವರ್ ಕೆಳಗೆ ಹೋಗಿದ್ದರೂ ಧೂಳು ತುಂಬಿ ಸ್ವಿಚ್ ಅಂಟಿಕೊಂಡಿದ್ದರೆ ಗಾಡಿಗೆ ಬ್ರೇಕ್ ಹಾಕಿದ ಹಾಗೇ ಕಾಣುತ್ತದೆ. ಕಾಲಿನ ಬ್ರೇಕ್ ಪೆಡಲ್ ಸ್ವಿಚ್‌ಗೂ ಇದೇ ಕಥೆ.

ಆಮೇಲೆ ಮಾಸ್ಟ್, ಅಂದರೆ ಫೋರ್ಕ್ ಮೇಲೆ ಕೆಳಗೆ ಓಡಾಡುವ ಮುಂದಿನ ಕಂಬ. ಫೋರ್ಕ್ ಒಂದು ಎತ್ತರ ದಾಟಿದ ಮೇಲೆ ಎಷ್ಟೋ ಗಾಡಿಗಳು ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಮಾಸ್ಟ್ ಪಕ್ಕದಲ್ಲಿ ಅದಕ್ಕೊಂದು ಪುಟ್ಟ ಸೆನ್ಸರ್ ಇರುತ್ತದೆ. ಗ್ರೀಸ್ ಮತ್ತು ರಟ್ಟಿನ ಧೂಳು ಸೇರಿ ಅದರ ಮೂತಿಗೆ ಮೆತ್ತಿಕೊಂಡಿದ್ದರೆ, ಅಥವಾ ಪ್ಯಾಲೆಟ್ ತಗುಲಿ ಬ್ರಾಕೆಟ್ ಸ್ವಲ್ಪ ಬಗ್ಗಿದ್ದರೆ, ಫೋರ್ಕ್ ನೆಲದಲ್ಲಿದ್ದರೂ ಗಾಡಿ ಅದು ಮೇಲಿದೆ ಅಂತಲೇ ತಿಳಿಯುತ್ತದೆ. ಬಟ್ಟೆಯಲ್ಲಿ ಒರೆಸಿ, ವೈರ್ ಎಳೆದುಕೊಂಡಿದೆಯೇ ನೋಡಿ. ಇದು ತುಂಬಾ ಸಿಗುವ ದೋಷ.

ನೇರ ಹೋಗುವಾಗಲೂ ತಿರುವಿನಲ್ಲಿ ಹೋದ ಹಾಗೆ ನಿಧಾನ ಆದರೆ ಸ್ಟೇರಿಂಗ್ ಕೋನ ಅಳೆಯುವ ಸೆನ್ಸರ್ ಮೇಲೆ ಅನುಮಾನ ಪಡಿ. ತಿರುವಿನಲ್ಲಿ ಗಾಡಿ ತಾನೇ ವೇಗ ಇಳಿಸುತ್ತದೆ. ಸೆನ್ಸರ್ ಜಾರಿದ್ದರೆ ಚಕ್ರ ನೇರ ಇದ್ದರೂ ಗಾಡಿ ತಿರುವಿನಲ್ಲಿದೆ ಅಂತ ಅಂದುಕೊಳ್ಳುತ್ತದೆ. ಸ್ಟೇರಿಂಗ್ ಒಂದು ಕಡೆಗೆ ಸ್ವಲ್ಪ ತಿರುಗಿಸಿದಾಗ ವೇಗ ಜಾಸ್ತಿ ಆದರೆ ಇದೇ ಖಾತ್ರಿ. ಹೊಸದಾಗಿ ಕೂರಿಸಿ ಸೆಟ್ ಮಾಡುವುದಕ್ಕೆ ಪ್ರೋಗ್ರಾಮರ್ (ಕಂಟ್ರೋಲರ್‌ಗೆ ಜೋಡಿಸಿ ಸೆಟ್ಟಿಂಗ್ ಓದುವ, ಬದಲಿಸುವ ಸಾಧನ) ಬೇಕು, ಮೆಕ್ಯಾನಿಕ್‌ನನ್ನು ಕರೆಸಿ.

ಇಲ್ಲಿ ಕೈ ಮುಗಿದು ಹೇಳುವ ಮಾತೊಂದಿದೆ. ಸೀಟ್ ಸ್ವಿಚ್, ಮಾಸ್ಟ್ ಸ್ವಿಚ್, ಬ್ರೇಕ್ ಸ್ವಿಚ್ ಯಾವುದಕ್ಕೂ ವೈರ್ ತುಂಡು ಹಾಕಿ ಬೈಪಾಸ್ ಮಾಡಬೇಡಿ. ಫೋರ್ಕ್ ಮೇಲೆತ್ತಿಕೊಂಡು ಪೂರ್ತಿ ವೇಗದಲ್ಲಿ ತಿರುಗಿದ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಮಗುಚುವಾಗ ಹೊರಗೆ ಜಿಗಿಯಲು ಹೋದವರು ತಲೆ ಮೇಲಿನ ಕಬ್ಬಿಣದ ಗಾರ್ಡ್ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಲೋಡಿಂಗ್ ತಡ ಆಗುತ್ತಿದೆ ಅಂತ ಹಾಕಿದ ಆ ತುಂಡು ವೈರ್ ಆಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಬೆಳಿಗ್ಗೆ ಚೆನ್ನಾಗಿದೆ, ಊಟದ ಹೊತ್ತಿಗೆ ಮಂದ

ಇದು ಬ್ಯಾಟರಿಯ ಲಕ್ಷಣ. ನಿಧಾನವಾಗಿ ನೋಡಬೇಕಾದ ಭಾಗವೂ ಇದೇ.

ಮೊದಲು ಚಾರ್ಜಿಂಗ್ ಬಗ್ಗೆ ಕೇಳಿ. ರಾತ್ರಿ ಪೂರ್ತಿ ಚಾರ್ಜ್ ಆಯಿತೇ, ಇಲ್ಲ ಕರೆಂಟ್ ಹೋಗಿ ಮಧ್ಯದಲ್ಲೇ ನಿಂತಿತೇ? ಪ್ಲಗ್ ಹಾಕಿದ್ದರು ಅಂದ ಮಾತ್ರಕ್ಕೆ ಚಾರ್ಜ್ ಆಗಿದೆ ಅಂತ ಅಲ್ಲ. ಒಂದು ಕಡೆ ನಾಲ್ಕು ಗಾಡಿಗಳಲ್ಲಿ ಒಂದು ಮಾತ್ರ ದಿನಾ ಮಧ್ಯಾಹ್ನಕ್ಕೆ ಸುಸ್ತಾಗುತ್ತಿತ್ತು. ಬ್ಯಾಟರಿ ಅದಲು ಬದಲು ಮಾಡಿ ನೋಡಿದರೆ ದೋಷ ಗಾಡಿಯ ಜೊತೆಗೂ ಹೋಗಲಿಲ್ಲ, ಬ್ಯಾಟರಿಯ ಜೊತೆಗೂ ಹೋಗಲಿಲ್ಲ, ಆ ಒಂದು ಚಾರ್ಜರ್ ಹತ್ತಿರವೇ ಉಳಿಯಿತು. ತ್ರೀ ಫೇಸ್ ಚಾರ್ಜರ್, ಒಂದು ಫೇಸಿನ ಫ್ಯೂಸ್ ಹೋಗಿತ್ತು. ಲೈಟ್ ಉರಿಯುತ್ತಿತ್ತು, ಹಮ್ ಅಂತ ಶಬ್ದವೂ ಬರುತ್ತಿತ್ತು, ಆದರೆ ಕರೆಂಟ್ ಅರ್ಧಕ್ಕಿಂತ ಕಮ್ಮಿ. ಬ್ಯಾಟರಿ ಅದಲು ಬದಲು ಮಾಡಲು ಸಾಧ್ಯವಿದ್ದರೆ ಮಾಡಿ ನೋಡಿ, ಆದರೆ ಅದೇ ತೂಕದ, ಅದೇ ಅಳತೆಯ ಬ್ಯಾಟರಿಯೇ ಆಗಬೇಕು. ಗಾಡಿಯ ಹಿಂಭಾರದಲ್ಲಿ ಬ್ಯಾಟರಿಯ ತೂಕವೂ ಸೇರಿದೆ. ಹಗುರ ಬ್ಯಾಟರಿ ಹಾಕಿದರೆ ಲೋಡ್ ಎತ್ತಿದಾಗ ಹಿಂಭಾಗ ಮೇಲೇಳುತ್ತದೆ.

ಈಗ ನೀರು. ಸೆಲ್‌ನ ಸಣ್ಣ ಮುಚ್ಚಳ ತೆಗೆದು ಟಾರ್ಚ್ ಹಾಕಿ. ಪ್ಲೇಟ್‌ಗಳು ನೀರಿನಿಂದ ಹೊರಗೆ ಒಣಗಿ ಕಾಣುತ್ತಿದ್ದರೆ ಆ ಸೆಲ್‌ನ ಅಷ್ಟು ಭಾಗ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಚಾರ್ಜ್‌ಗೆ ಮುಂಚೆ ಪ್ಲೇಟ್ ಮುಳುಗುವಷ್ಟು ಮಾತ್ರ ಹಾಕಿ, ಪೂರ್ತಿ ಮಟ್ಟಕ್ಕೆ ತುಂಬುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ, ಬೋರ್‌ವೆಲ್ ನೀರಂತೂ ಖಂಡಿತಾ ಬೇಡ. ಆಸಿಡ್ ಸೇರಿಸುವ ಕೆಲಸಕ್ಕೂ ಹೋಗಬೇಡಿ.

ನಂತರ ವೋಲ್ಟೇಜ್. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ನಿಂತ ಬ್ಯಾಟರಿ 51 ವೋಲ್ಟ್ ಆಸುಪಾಸು ತೋರಿಸಬೇಕು. ಎಂಬತ್ತು ಪರ್ಸೆಂಟ್ ಖಾಲಿಯಾದರೆ ನಿಂತಾಗ 47.5ರ ಹತ್ತಿರ. ಆದರೆ ನಿಂತಾಗಿನ ವೋಲ್ಟೇಜ್ ನಂಬಿ ಮೋಸ ಹೋಗಬೇಡಿ, ಲೋಡ್ ಕೊಟ್ಟಾಗ, ಅಂದರೆ ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆಯುತ್ತಿರುವಾಗ, ನೋಡಬೇಕು. ಗಾಡಿ ಓಡಿಸುತ್ತಾ ಮೀಟರ್ ಹಿಡಿಯುವುದು ಅಪಾಯ. ನಾನು ಮಾಡುವ ರೀತಿ ಇದು: ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಮಾಸ್ಟನ್ನು ಹಿಂದಕ್ಕೆ ಪೂರ್ತಿ ಬಾಗಿಸಿ ಲಿವರ್ ಅಲ್ಲೇ ಮೂರು ನಾಲ್ಕು ಸೆಕೆಂಡ್ ಹಿಡಿಯುವುದು. ಎಣ್ಣೆ ಹೋಗಲು ದಾರಿ ಇಲ್ಲದೆ ಪಂಪ್ ಮೋಟಾರ್ ತುಂಬಾ ಕರೆಂಟ್ ಎಳೆಯುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ವೋಲ್ಟೇಜ್ ಓದಬೇಕು. ಜಾಸ್ತಿ ಹೊತ್ತು ಹಿಡಿದರೆ ಎಣ್ಣೆ ಕಾಯುತ್ತದೆ, ಅಷ್ಟೇ ಸೆಕೆಂಡ್ ಸಾಕು. ಚೆನ್ನಾಗಿರುವ, ಪೂರ್ತಿ ಚಾರ್ಜ್ ಆದ ಬ್ಯಾಟರಿ ಕೆಲವೇ ವೋಲ್ಟ್ ಇಳಿದು ಅಲ್ಲೇ ನಿಲ್ಲುತ್ತದೆ, ಲಿವರ್ ಬಿಟ್ಟ ಕೂಡಲೇ ಮೇಲೆ ಬರುತ್ತದೆ. ಸೆಲ್ಲಿಗೆ 1.7 ಅಂದರೆ ಒಟ್ಟು 41 ವೋಲ್ಟ್ ಹತ್ತಿರಕ್ಕೆ ಕುಸಿದರೆ ಕಂಟ್ರೋಲರ್ ವೇಗ ಇಳಿಸುವುದು ಸರಿಯಾಗಿಯೇ ಇದೆ.

ಆಮೇಲೆ ಸೆಲ್ ಸೆಲ್ಲಾಗಿ ಗ್ರಾವಿಟಿ, ಅಂದರೆ ಒಳಗಿನ ಆಸಿಡ್ ನೀರಿಗಿಂತ ಎಷ್ಟು ಪಟ್ಟು ದಟ್ಟ ಅನ್ನುವುದು. ಅದನ್ನು ಅಳೆಯುವ ಸಾಧನವೇ ಹೈಡ್ರೋಮೀಟರ್. 48 ವೋಲ್ಟ್ ಅಂದರೆ 24 ಸೆಲ್. ಹೈಡ್ರೋಮೀಟರ್ ಹಿಡಿದು ಒಂದು ಗಂಟೆ ಕೂರಬೇಕು, ಬೇಜಾರಿನ ಕೆಲಸ ನಿಜ, ಆದರೆ ಬ್ಯಾಟರಿಯ ಜಾತಕ ಸಿಗುವುದು ಇಲ್ಲೇ. ಪೂರ್ತಿ ಚಾರ್ಜ್ ಆದಾಗ 1.280 ಆಸುಪಾಸು ಇರಬೇಕು. ಖಾಲಿ ಆದಾಗ 1.140ರ ಹತ್ತಿರ. ಅಂಕಿಗಿಂತ ಮುಖ್ಯ ಹೋಲಿಕೆ. ಎಲ್ಲ ಸೆಲ್ಲೂ ಒಟ್ಟಿಗೆ ಕಡಿಮೆ ಇದ್ದರೆ ಚಾರ್ಜ್ ಸಾಲದು ಅಥವಾ ಬ್ಯಾಟರಿಗೆ ವಯಸ್ಸಾಗಿದೆ. ಒಂದೆರಡು ಮಾತ್ರ ಉಳಿದವಕ್ಕಿಂತ 0.030ಕ್ಕೂ ಜಾಸ್ತಿ ಕೆಳಗಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಒಂದು ಗಾಡಿ ನನಗೆ ಇವತ್ತಿಗೂ ನೆನಪಿದೆ. ಬೆಳಿಗ್ಗೆ ಸರಿ, ಎರಡು ಗಂಟೆ ಆಗುತ್ತಿದ್ದ ಹಾಗೆ ಆಮೆ. ಕಂಟ್ರೋಲರ್‌ಗೆ ಕೊಟೇಶನ್ ಆಗಲೇ ಬಂದು ಮಾಲೀಕರ ಮೇಜಿನ ಮೇಲಿತ್ತು. ಎರಡು ಗಂಟೆಗೇ ಹೋದೆ, ಯಾಕೆಂದರೆ ಬೆಳಿಗ್ಗೆ ಹೋದರೆ ದೋಷ ಕಾಣುವುದಿಲ್ಲ. ಹದಿನೈದನೇ ಸೆಲ್ಲಿನ ತನಕ ಎಲ್ಲವೂ 1.190, 1.195, 1.190. ಹದಿನಾರರಲ್ಲಿ ಹೈಡ್ರೋಮೀಟರ್‌ನ ತೇಲುವ ಗಾಜು ತಳಕ್ಕೇ ಕೂತುಬಿಟ್ಟಿತು. ಹದಿನೇಳರಲ್ಲೂ ಹಾಗೇ. ಲೋಡ್ ಕೊಟ್ಟು ಮೀಟರ್ ಹಿಡಿದರೆ ಬೇರೆ ಸೆಲ್‌ಗಳು 1.9ರ ಮೇಲೆ, ಇವೆರಡು ಒಂದು ವೋಲ್ಟಿಗೂ ಕೆಳಗೆ. ಎರಡೇ ಸೆಲ್ ಸೇರಿ ಎರಡು ವೋಲ್ಟಿಗೂ ಜಾಸ್ತಿ ತಿಂದು ಹಾಕುತ್ತಿದ್ದವು. ಬ್ಯಾಟರಿಯವರನ್ನು ಕರೆಸಿ ಎರಡು ಸೆಲ್ ಬದಲಿಸಿದರು. ಕೊಟೇಶನ್ ಹಾಗೇ ಉಳಿಯಿತು.

ಸೆಲ್‌ಗಳಲ್ಲಿ ಸಣ್ಣ ಏರುಪೇರು ಮಾತ್ರ ಇದ್ದರೆ ಒಂದು ಈಕ್ವಲೈಸ್ ಚಾರ್ಜ್ (ಎಲ್ಲ ಸೆಲ್ ಸಮ ಆಗಲು ಕೊಡುವ ಹೆಚ್ಚುವರಿ ಚಾರ್ಜ್) ಕೊಟ್ಟು ಮತ್ತೆ ಅಳೆಯಿರಿ. ಎಷ್ಟೋ ಸಲ ಮೇಲೆ ಬರುತ್ತವೆ. ಬ್ಯಾಟರಿ ಕೈ ಸುಡುವಷ್ಟು ಬಿಸಿ ಇದ್ದಾಗ ಚಾರ್ಜ್‌ಗೆ ಹಾಕಬೇಡಿ, 45 ಡಿಗ್ರಿ ದಾಟಿದ್ದರೆ ಆರಲು ಬಿಡಿ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಚಾರ್ಜ್, ಎಂಟು ಗಂಟೆ ವಿಶ್ರಾಂತಿ ಅನ್ನುವ ಹಳೆಯ ಲೆಕ್ಕ ಲೆಡ್ ಆಸಿಡ್ ಬ್ಯಾಟರಿಗೆ ಇವತ್ತಿಗೂ ಸರಿ.

ಬ್ಯಾಟರಿ ಸರಿ ಇದೆ, ಆದರೂ ಓಡುವುದು ಎತ್ತುವುದು ಎರಡೂ ನಿಧಾನ

ದಾರಿಯಲ್ಲಿ ವೋಲ್ಟೇಜ್ ಸೋರುತ್ತಿದೆ. ಗಾಡಿ ಸ್ವಲ್ಪ ಹೊತ್ತು ದುಡಿದ ಮೇಲೆ ಬ್ಯಾಟರಿ ಪ್ಲಗ್ ಬಿಸಿಯಾಗಿದೆಯೇ ನೋಡಿ. ಪ್ಲಗ್ ಎಳೆದು ಒಳಗೆ ಇಣುಕಿ. ಆರೋಗ್ಯವಂತ ಸಂಪರ್ಕದ ಲೋಹ ಬೆಳ್ಳಗೆ ಹೊಳೆಯುತ್ತದೆ. ಕಪ್ಪು, ನೀಲಿ ಬಣ್ಣ ಬಂದಿದ್ದರೆ, ಪ್ಲಾಸ್ಟಿಕ್ ಅಂಚು ಮೆತ್ತಗಾಗಿ ಕರಗಿದ ಹಾಗಿದ್ದರೆ, ದೋಷ ನಿಮ್ಮ ಕೈಯಲ್ಲೇ ಇದೆ. ಲೆಕ್ಕ ಹಾಕಿ ನೋಡಿ: 200 ಆಂಪಿಯರ್ ಹರಿಯುವಾಗ ಒಂದು ಜಾಯಿಂಟ್‌ನಲ್ಲಿ ಬರೀ ಅರ್ಧ ವೋಲ್ಟ್ ಬಿದ್ದರೂ ಅಲ್ಲಿ 100 ವ್ಯಾಟ್ ಶಾಖ ಹುಟ್ಟುತ್ತದೆ. ಹಳೆಯ ಕಾಲದ ನೂರರ ಬಲ್ಬ್ ಆ ಪ್ಲಗ್ ಒಳಗೆ ಉರಿಯುತ್ತಿದೆ ಅಂದುಕೊಳ್ಳಿ.

ಮಾಸ್ಟ್ ಬಾಗಿಸಿ ಲೋಡ್ ಕೊಡುವ ಪರೀಕ್ಷೆಯಲ್ಲೇ ಮೀಟರ್‌ನ ಎರಡು ಕಡ್ಡಿಗಳನ್ನು ಜಾಯಿಂಟ್‌ನ ಈ ಕಡೆ ಒಂದು, ಆ ಕಡೆ ಒಂದು ಇಟ್ಟು ಓದಿ. ಒಳ್ಳೆಯ ಜಾಯಿಂಟ್‌ನಲ್ಲಿ ಹೆಚ್ಚುಕಮ್ಮಿ ಏನೂ ತೋರಿಸಬಾರದು. ಬ್ಯಾಟರಿ ಟರ್ಮಿನಲ್, ಪ್ಲಗ್, ಮುಖ್ಯ ಫ್ಯೂಸ್, ಮುಖ್ಯ ಕಾಂಟ್ಯಾಕ್ಟರ್ (ಭಾರೀ ಕರೆಂಟನ್ನು ಕೂಡಿಸುವ, ಬಿಡಿಸುವ ವಿದ್ಯುತ್ ಸ್ವಿಚ್), ಹೀಗೆ ಒಂದೊಂದಾಗಿ ಸಾಗಿ. ಹಸಿರು ಬೂಷ್ಟು ಬಂದ ಲಗ್‌ಗಳನ್ನು (ಕೇಬಲ್ ತುದಿಯ ಲೋಹದ ಕಿವಿ) ಪ್ಲಗ್ ಎಳೆದ ಮೇಲೆ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಪ್ಲಗ್ ಸುಟ್ಟಿದ್ದರೆ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕಬೇಡಿ, ಎರಡೂ ಕಡೆಯ ಪ್ಲಗ್ ಬದಲಿಸಿ. ಒಂದೇ ಕಡೆ ಹೊಸದು ಹಾಕಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಜೋರಾಗಿ ದುಡಿದಾಗ ನಿಧಾನ, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ

ಇದು ಬಿಸಿ. ಬ್ಯಾಟರಿ ದೋಷವೂ ನಿಲ್ಲಿಸಿದಾಗ ಸ್ವಲ್ಪ ಚೇತರಿಸುತ್ತದೆ, ಆದರೆ ಅದು ನಿಮಿಷದಲ್ಲಿ ಮತ್ತೆ ಬೀಳುತ್ತದೆ. ಬಿಸಿಯ ದೋಷ ಆರಿದ ಮೇಲೆ ಬಹಳ ಹೊತ್ತು ಚೆನ್ನಾಗಿ ಓಡಿಸುತ್ತದೆ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಶೆಡ್ ಒಳಗೆ ಓಡುವ ಗಾಡಿಗಳಿಗೆ ಇದು ಬೇಗ ಬರುತ್ತದೆ.

ಗೋಡೌನ್‌ನಲ್ಲಿ ರಟ್ಟಿನ ಧೂಳು, ಹತ್ತಿ ಎಳೆ ಜಾಸ್ತಿ. ಅದು ಕಂಟ್ರೋಲರ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಫ್ಯಾನ್ ತಿರುಗುತ್ತಿದೆಯೇ, ಅದರ ಜಾಲರಿ ಮುಚ್ಚಿದೆಯೇ ನೋಡಿ. ಪ್ಲಗ್ ಎಳೆದು, ಮಾಸ್ಕ್ ಹಾಕಿಕೊಂಡು, ಒಣಗಾಳಿ ಊದಿ ತೆಗೆಯಿರಿ. ನೀರು ಬೇಡ. ಪ್ರೆಷರ್ ವಾಷ್ ಮಾಡಿಸಿದ ಮರುದಿನ ಬರುವ ವಿಚಿತ್ರ ದೋಷಗಳು ಒಂದೆರಡಲ್ಲ.

ಸ್ವಚ್ಛ ಮಾಡಿದ ಮೇಲೂ ಕಾದರೆ ಕೆಲಸದ ರೀತಿ ನೋಡಿ. ಡಾಕ್‌ನ ರ‍್ಯಾಂಪ್ ಮೇಲೆ ಲೋಡ್ ಹೊತ್ತು ಹತ್ತಿ ಇಳಿಯುವುದೇ ದಿನವಿಡೀ ಆದರೆ ಗಾಡಿ ಚಿಕ್ಕದಾಯಿತು ಅಂತ ಅರ್ಥ. ಇಳಿಜಾರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ಪೆಡಲ್ ಒತ್ತಿಯೇ ಗಾಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಅದು ಮೋಟಾರನ್ನು ಸುಡುತ್ತದೆ.

ಗಾಡಿ ತಣ್ಣಗಿದ್ದೂ "ಮೋಟಾರ್ ಬಿಸಿ" ಅಂತ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರ್ ಹೋಗಿದೆ. ಎಷ್ಟೋ ಕಂಟ್ರೋಲರ್‌ಗಳು ಸೆನ್ಸರ್ ಸಿಗದಿದ್ದರೆ ಸುರಕ್ಷತೆಗೆ ಅಂತ ವೇಗವನ್ನೇ ಕಡಿಮೆ ಮಾಡಿಬಿಡುತ್ತವೆ.

ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ

ಬ್ಯಾಟರಿ ಬೇಗ ಖಾಲಿ ಆಗುತ್ತದೆ, ಚಕ್ರದ ಹತ್ತಿರ ಸುಟ್ಟ ವಾಸನೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮೊದಲು ಕೆಳಗೆ ಬಗ್ಗಿ ಚಕ್ರದ ಒಳಭಾಗ ನೋಡಿ. ಪ್ಯಾಲೆಟ್‌ಗೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಪೆಟ್ಟಿಗೆ ಕಟ್ಟುವ ಪಟ್ಟಿ ನೆಲದಲ್ಲಿ ಬಿದ್ದಿರುತ್ತವಲ್ಲ, ಅವು ಚಕ್ರಕ್ಕೆ ಸುತ್ತಿಕೊಂಡು ಒಳಗೆ ಹೋಗುತ್ತವೆ. ಒಮ್ಮೆ ನಾನು ತೆಗೆದದ್ದು ಬಳೆಯ ಹಾಗೆ ಗಟ್ಟಿಯಾಗಿ ಕರಗಿ ಅಂಟಿಕೊಂಡ ಪ್ಲಾಸ್ಟಿಕ್. ಬಿಳಿ ಹಾಳೆ ಕಾದು ಕಂದು ಬಣ್ಣಕ್ಕೆ ತಿರುಗಿತ್ತು, ಅದರ ಒಳಗೆ ಹಸಿರು ಪಟ್ಟಿ ಸುರುಳಿ ಸುರುಳಿಯಾಗಿ ಸೇರಿತ್ತು. ಚಾಕುವಿನಿಂದ ಕತ್ತರಿಸಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಆಯಿಲ್ ಸೀಲ್ ಕೂಡ ಕತ್ತರಿಸಿಹೋಗಿ ಗೇರ್ ಎಣ್ಣೆ ಸೋರುತ್ತಿತ್ತು. ಹತ್ತು ನಿಮಿಷ ಗುಡಿಸಿದ್ದರೆ ತಪ್ಪುತ್ತಿದ್ದ ಖರ್ಚು.

ಅದಿಲ್ಲದಿದ್ದರೆ ಹದಿನೈದು ನಿಮಿಷ ಓಡಿಸಿ ಎರಡೂ ಕಡೆಯ ಹಬ್ (ಚಕ್ರದ ನಡುಭಾಗ) ಬಿಸಿ ಹೋಲಿಸಿ. ದೂರದಿಂದ ಬಿಸಿ ಅಳೆಯುವ ಗನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗೈ ಹಿಂಭಾಗ ಹತ್ತಿರ ಒಯ್ದು ನೋಡಿ, ಮುಟ್ಟಬೇಡಿ. ಒಂದು ಕಡೆ ತುಂಬಾ ಬಿಸಿ ಆದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ ಅಥವಾ ಬೇರಿಂಗ್ ಹೋಗಿದೆ. ಬ್ರೇಕ್ ಪೆಡಲ್‌ಗೆ ಒತ್ತುವ ಮುಂಚೆ ಸ್ವಲ್ಪ ಆಟ ಇರಬೇಕು, ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ ಸದಾ ಒತ್ತಿದ ಹಾಗೇ ಇರುತ್ತದೆ. ಕರೆಂಟ್ ಕೊಟ್ಟಾಗ ಬಿಡುವ ಬ್ರೇಕ್ ಇರುವ ಗಾಡಿಗಳಲ್ಲಿ ಹೊರಡುವಾಗ "ಟಕ್" ಅನ್ನುವ ಶಬ್ದ ಕೇಳಿಸಬೇಕು.

ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡುವುದಾದರೆ ಗಾಡಿಯ ತೂಕಕ್ಕೆ ತಕ್ಕ ಜಾಕ್ ಬೇಕು, ಬೇರೆ ಚಕ್ರಗಳಿಗೆ ಅಡ್ಡ ಇಡಬೇಕು, ಜಾಕ್ ಜೊತೆಗೆ ಗಟ್ಟಿ ಮರದ ದಿಮ್ಮಿ ಕೊಡಲೇಬೇಕು. ಇಷ್ಟು ಇಲ್ಲದಿದ್ದರೆ ಎತ್ತಬೇಡಿ.

ಪೆಡಲ್ ಪೂರ್ತಿ ಒತ್ತಿದರೂ ಅರ್ಧ ವೇಗ

ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡಿದೆಯೇ? ಕಲ್ಲು, ಬೋಲ್ಟ್ ಸಿಕ್ಕಿದೆಯೇ? ನಗುವ ವಿಷಯ ಅಲ್ಲ, ಇದು ನಿಜವಾಗಿಯೂ ಸಿಗುತ್ತದೆ. ಆಮೇಲೆ ಪೆಡಲ್‌ನ ಕಡ್ಡಿ ಸಡಿಲ ಇದೆಯೇ ನೋಡಿ. ಕಂಟ್ರೋಲರ್‌ನ ಪ್ರೋಗ್ರಾಮರ್ ಅಥವಾ ಡಿಸ್‌ಪ್ಲೇಯ ಸರ್ವೀಸ್ ಪುಟದಲ್ಲಿ ಪೆಡಲ್ ಎಷ್ಟು ಪರ್ಸೆಂಟ್ ಅಂತ ಕಾಣುತ್ತದೆ. ಪೂರ್ತಿ ಒತ್ತಿದಾಗ ನೂರು ಬರಬೇಕು. ಅರವತ್ತಕ್ಕೇ ನಿಂತರೆ ಪೆಡಲ್ ಸೆನ್ಸರ್ ಸವೆದಿದೆ ಅಥವಾ ಸೆಟ್ಟಿಂಗ್ ಜಾರಿದೆ. ನೂರು ತೋರಿಸಿಯೂ ನಿಧಾನ ಆದರೆ ಪೆಡಲ್ ನಿರಪರಾಧಿ.

ನಡುಗುತ್ತಾ, ಗುರ್ ಅನ್ನುತ್ತಾ ತೆವಳುತ್ತದೆ

ಎಸಿ ಮೋಟಾರ್‌ನ ಗಾಡಿಯಲ್ಲಿ ಹೀಗಾದರೆ ಎನ್‌ಕೋಡರ್ ಮೇಲೆ ಅನುಮಾನ ಪಡಬೇಕು. ಮೋಟಾರ್ ಎಷ್ಟು ತಿರುಗುತ್ತಿದೆ ಅಂತ ಕಂಟ್ರೋಲರ್‌ಗೆ ಹೇಳುವುದು ಅದೇ, ಸಾಮಾನ್ಯವಾಗಿ ಬೇರಿಂಗ್ ಜೊತೆಯಲ್ಲೇ ಇರುತ್ತದೆ. ಆ ಸುದ್ದಿ ತಪ್ಪಿದರೆ ಮೋಟಾರ್ ಭಾರೀ ಕರೆಂಟ್ ಎಳೆದು ನಡುಗುತ್ತಾ ಇಷ್ಟಿಷ್ಟೇ ಸರಿಯುತ್ತದೆ. ಕನೆಕ್ಟರ್ ಬಿಚ್ಚಿ ಪಿನ್ ಒರೆಸಿ ಗಟ್ಟಿಯಾಗಿ ಕೂರಿಸಿ ನೋಡಿ. ಸರಿ ಹೋಗದಿದ್ದರೆ ಓಡಿಸುವುದು ನಿಲ್ಲಿಸಿ, ಇಲ್ಲಿಂದ ಮುಂದೆ ಮೋಟಾರ್ ಬಿಚ್ಚುವ ಕೆಲಸ.

ಎರಡು ಡ್ರೈವ್ ಮೋಟಾರ್ ಇರುವ ಮೂರು ಚಕ್ರದ ಗಾಡಿಯಲ್ಲಿ ಒಂದು ಕಡೆಗೆ ತಿರುಗುವಾಗ ಮಾತ್ರ ಒದ್ದಾಡಿದರೆ ಒಂದು ಮೋಟಾರ್ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಿರಿ.

ಹಳೆಯ ಡಿಸಿ ಗಾಡಿಗಳಲ್ಲಿ ಕಾರ್ಬನ್ ಬ್ರಷ್ ಸವೆದಿದೆಯೇ, ಸ್ಪ್ರಿಂಗ್ ಒತ್ತುತ್ತಿದೆಯೇ, ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಾಮ್ಯುಟೇಟರ್, ಕಪ್ಪಾಗಿದೆಯೇ ನೋಡಿ. ತುಂಬಾ ಹಳೆಯವುಗಳಲ್ಲಿ ಪೂರ್ತಿ ವೇಗಕ್ಕೆ ಅಂತ ಒಂದು ಬೈಪಾಸ್ ಕಾಂಟ್ಯಾಕ್ಟರ್ ಇರುತ್ತದೆ. ಪೆಡಲ್ ಕೊನೆ ಮುಟ್ಟಿದಾಗ ಅದು ಬಡಿಯಬೇಕು. ಬಡಿಯದಿದ್ದರೆ ಉಳಿದೆಲ್ಲ ವೇಗ ಸರಿ ಇದ್ದು ಕೊನೆಯ ಜೋರು ಮಾತ್ರ ಸಿಗುವುದಿಲ್ಲ. ಇದು ಸಾಮಾನ್ಯವಾದ ಬೈಪಾಸ್ ವೈರ್ ಅಲ್ಲ, ಗಾಡಿ ಮಾಡಿದವರೇ ಇಟ್ಟ ಭಾಗ, ಗೊಂದಲ ಬೇಡ.

ಲಿಥಿಯಂ ಬ್ಯಾಟರಿಯ ಗಾಡಿ

ಇಲ್ಲಿ ನೀರೂ ಇಲ್ಲ, ಗ್ರಾವಿಟಿಯೂ ಇಲ್ಲ. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಒಂದು ಸೆಲ್ ಕೆಳಗೆ ಹೋದರೂ, ಬಿಸಿ ಜಾಸ್ತಿ ಆದರೂ ಕರೆಂಟ್ ಕಡಿಮೆ ಮಾಡಲು ಗಾಡಿಗೆ ಹೇಳುತ್ತದೆ. ಚಾರ್ಜ್ ಎಪ್ಪತ್ತು ಪರ್ಸೆಂಟ್ ತೋರಿಸುತ್ತಲೇ ಗಾಡಿ ನಿಧಾನ ಆದರೆ ಪೂರ್ತಿ ನೂರರ ತನಕ ಚಾರ್ಜ್ ಮಾಡಿ, ಕೊನೆಯಲ್ಲಿ ಸೆಲ್‌ಗಳು ಸಮ ಆಗಲು ಸ್ವಲ್ಪ ಹೆಚ್ಚು ಹೊತ್ತು ಬಿಟ್ಟು ನೋಡಿ. ಲೆಡ್ ಆಸಿಡ್ ತೆಗೆದು ಲಿಥಿಯಂ ಹಾಕಿಸಿದ ಮೇಲೆ ನಿಧಾನ ಆಗಿದ್ದರೆ ಬ್ಯಾಟರಿ ಮಟ್ಟದ ಸೆಟ್ಟಿಂಗ್ ಹಳೆಯದೇ ಉಳಿದಿದೆಯೇ ಅಂತ ಕೇಳಿ. ಪೆಟ್ಟಿಗೆ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ.

ಕೋಡ್ ಓದುವುದು

ಡಿಸ್‌ಪ್ಲೇಯಲ್ಲಿ ಕೋಡ್ ಬಂದರೆ ಕೀ ಆಫ್ ಮಾಡುವ ಮುಂಚೆ ಫೋಟೋ ತೆಗೆಯಿರಿ. ನಮ್ಮ ಕಡೆ ತುಂಬಾ ಕಾಣುವ ಕರ್ಟಿಸ್ ಕಂಪನಿಯ ಎಸಿ ಕಂಟ್ರೋಲರ್‌ಗಳ ಮೇಲೆ ಕೆಂಪು, ಹಳದಿ ಎರಡು ದೀಪ ಇರುತ್ತವೆ. ಕೆಂಪು ಒಂದು ಸಲ ಮಿನುಗಿದ ಮೇಲೆ ಹಳದಿ ಎಷ್ಟು ಸಲವೋ ಅದು ಮೊದಲ ಅಂಕಿ, ಕೆಂಪು ಎರಡು ಸಲ ಮಿನುಗಿದ ಮೇಲಿನದು ಎರಡನೆಯದು. 22 ಕಂಟ್ರೋಲರ್ ಬಿಸಿ, 23 ವೋಲ್ಟೇಜ್ ಕಮ್ಮಿ, 28 ಮೋಟಾರ್ ಬಿಸಿ, 29 ಮೋಟಾರ್ ಬಿಸಿಯ ಸೆನ್ಸರ್, 36 ಎನ್‌ಕೋಡರ್, 41 ಮತ್ತು 42 ಪೆಡಲ್. ಬೇರೆ ಕಂಪನಿಯದಾದರೆ ಅಂಕಿಗಳೂ ಬೇರೆ, ಗಾಡಿಯ ಪುಸ್ತಕ ನೋಡಿ. 23 ಬಂದಾಗ ಕಂಟ್ರೋಲರ್ ಕೆಟ್ಟಿದೆ ಅಂತ ಅಲ್ಲ, ಅದು ಬ್ಯಾಟರಿ ಕಡೆ ಬೆರಳು ತೋರಿಸುತ್ತಿದೆ.

ಇಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕರೆಸಿ

ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಗಾಡಿ ತಾನಾಗಿ ಜರುಗುತ್ತದೆ ಅಥವಾ ಪೆಡಲ್ ಬಿಟ್ಟರೂ ಓಡುತ್ತದೆ, ಕೇಬಲ್‌ನಿಂದ ಹೊಗೆ, ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ, ಉಬ್ಬಿದ ಸೆಲ್, ಗಾಡಿಯ ಬಾಡಿ ಮುಟ್ಟಿದರೆ ಚುರ್ ಅನ್ನುವುದು. ಇವುಗಳಲ್ಲಿ ಒಂದು ಕಂಡರೂ ಇನ್ನೊಂದು ರೌಂಡ್ ಓಡಿಸಿ ನೋಡುವುದು ಬೇಡ. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹಿಸ್ ಅಂತ ಶಬ್ದ ಮಾಡಿದರೆ ದೂರ ಹೋಗಿ ಅಗ್ನಿಶಾಮಕದವರಿಗೆ ಹೇಳಿ. ಕಂಟ್ರೋಲರ್ ಕವರ್ ತೆಗೆಯುವುದು, ಪ್ರೋಗ್ರಾಮರ್‌ನಲ್ಲಿ ವೇಗದ ಸೆಟ್ಟಿಂಗ್ ಏರಿಸುವುದು, ಇವೂ ನಿಮ್ಮ ಕೆಲಸವಲ್ಲ. ದೋಷ ಉಳಿಸಿಕೊಂಡು ವೇಗ ಏರಿಸಿದರೆ ಯಾವುದು ಕಾಪಾಡುತ್ತಿತ್ತೋ ಅದನ್ನೇ ತೆಗೆದ ಹಾಗಾಯಿತು.

ಫೋನ್ ಮಾಡುವಾಗ ಇಷ್ಟು ಹೇಳಿ: ಗಾಡಿಯ ಮಾಡೆಲ್, ಅವರ್ ಮೀಟರ್‌ನ (ಗಾಡಿ ಎಷ್ಟು ಗಂಟೆ ದುಡಿದಿದೆ ಅಂತ ತೋರಿಸುವ ಮೀಟರ್) ಅಂಕಿ, ಕೋಡ್‌ನ ಫೋಟೋ, 20 ಮೀಟರ್‌ಗೆ ಹಿಡಿದ ಸೆಕೆಂಡ್, ನಿಂತಾಗಿನ ಮತ್ತು ಲೋಡ್ ಕೊಟ್ಟಾಗಿನ ವೋಲ್ಟೇಜ್, 24 ಸೆಲ್‌ಗಳ ಗ್ರಾವಿಟಿ ಬರೆದ ಚೀಟಿ. ಇಷ್ಟು ಕೈಯಲ್ಲಿದ್ದರೆ ನಾನು ಹೊರಡುವಾಗಲೇ ಸರಿಯಾದ ಸಾಮಾನು ಚೀಲಕ್ಕೆ ಹಾಕಿಕೊಂಡು ಬರುತ್ತೇನೆ. ಅಲ್ಲಿಯ ತನಕ ಕೀ ನಿಮ್ಮ ಹತ್ತಿರವೇ ಇರಲಿ, ಸ್ಟೇರಿಂಗ್‌ಗೆ "ಓಡಿಸಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿ. ರಾತ್ರಿ ಶಿಫ್ಟ್‌ನವರಿಗೆ ವಿಷಯ ಗೊತ್ತಿರುವುದಿಲ್ಲ.